ಪಂಚೆ ಬೇರೆ, ನೀರು ಬೇರೆ

2026ರ ಜನವರಿ 16. ಮುಂಬಯಿ ಪಾಲಿಕೆಯ ಫಲಿತಾಂಶ ಬರುತ್ತಿತ್ತು. ಸಂಜೆ ಊರಿನಿಂದ ಅಪ್ಪನ ಫೋನು. ಆರೋಗ್ಯ, ಅಡಿಕೆ ಯಾವುದೂ ಇಲ್ಲ, ನೇರ ಪ್ರಶ್ನೆ. "ಬಿಲ್ಲು ಬಾಣ ಎಂತಾಯ್ತು ಮಾರಾಯ?"

ಏನು ಹೇಳಲಿ? ಶಿವಸೇನೆ 2022ರಲ್ಲಿ ಒಡೆದದ್ದು, ಬಿಲ್ಲು ಬಾಣ ಶಿಂಧೆಯವರ ಪಾಲಾದದ್ದು, ಉದ್ಧವ್ ಠಾಕ್ರೆಯವರ ಕೈಗೆ ಪಂಜು ಬಂದದ್ದು, ಎಲ್ಲ ವಿವರಿಸಿದೆ. 227 ಸೀಟುಗಳಲ್ಲಿ ಬಿಜೆಪಿಗೆ 89, ಉದ್ಧವ್ ಸೇನೆಗೆ 65, ಶಿಂಧೆ ಸೇನೆಗೆ 29 ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಮುಗೀತು" ಅಂದರು. ದನಿಯಲ್ಲಿ ಸಣ್ಣ ಬೇಸರ ಇತ್ತು.

ಆ ಬೇಸರ ನನಗೆ ವಿಚಿತ್ರ ಅನ್ನಿಸಿತು. ಯಾಕೆ ಅಂತ ಹೇಳ್ತೇನೆ.

ಅಪ್ಪ ಮುಂಬಯಿಗೆ ಹೋದದ್ದು 1961ರಲ್ಲಿ, ಹದಿನಾಲ್ಕನೇ ವಯಸ್ಸಿಗೆ. ನಮ್ಮ ಕಡೆಯ ಸಾವಿರಾರು ಹುಡುಗರ ಹಾಗೆ ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಶುರು. 1966ರ ಜೂನ್‌ನಲ್ಲಿ ವ್ಯಂಗ್ಯಚಿತ್ರಕಾರ ಬಾಳಾ ಠಾಕ್ರೆ ಶಿವಸೇನೆ ಕಟ್ಟಿದರು. ಮರಾಠಿ ಹುಡುಗರ ಕೆಲಸವನ್ನೆಲ್ಲ ಮದ್ರಾಸಿಗಳು ಕಿತ್ತುಕೊಂಡರು ಅನ್ನುವುದು ಆಗಿನ ದೂರು. ನಾವೂ ಅವರ ಲೆಕ್ಕದಲ್ಲಿ ಮದ್ರಾಸಿಗಳೇ! "ಬಜಾವ್ ಪುಂಗಿ, ಹಟಾವ್ ಲುಂಗಿ" ಅನ್ನುವ ಘೋಷಣೆ ಆ ಕಾಲದ್ದೇ. 1969ರ ಫೆಬ್ರವರಿಯಲ್ಲಿ ಬೆಳಗಾವಿ ಗಡಿಯ ಹೆಸರಿನಲ್ಲಿ ಇಡೀ ಮುಂಬಯಿ ಹೊತ್ತಿ ಉರಿಯಿತು, ಠಾಕ್ರೆಯವರ ಬಂಧನವಾಯಿತು. ಅಪ್ಪ ಆ ವರ್ಷವೇ ಪಂಚೆ ಬಿಟ್ಟು ಎರಡು ಪ್ಯಾಂಟು ಹೊಲಿಸಿಕೊಂಡರಂತೆ. ಮತ್ತೆ ಅವರು ಪಂಚೆ ಉಟ್ಟು ಬೀದಿಗೆ ಇಳಿದದ್ದು ಊರಿಗೆ ವಾಪಸ್ಸಾದ ಮೇಲೇ.

ಈಗ 1998ಕ್ಕೆ ಬನ್ನಿ. ನನಗೆ ಹದಿನಾಲ್ಕು. ಅಪ್ಪ ಆಗ ಹೋಟೆಲಿನ ಗಲ್ಲಾದಲ್ಲಿ. ಪರೇಲಿನ ಒಂದು ಹಳೇ ಚಾಳಿನಲ್ಲಿ ನಮ್ಮ ಒಂದೇ ಕೋಣೆಯ ಮನೆ, ಇಡೀ ಮಹಡಿಗೆ ಎರಡು ನಲ್ಲಿ. ಮಳೆಗಾಲ ಮುಗಿಯುವ ಹೊತ್ತಿಗೆ ಚಾಳಿನ ಪೈಪು ಒಡೆದು ಕೊಳಚೆ ನೀರು ಸೇರಿಕೊಂಡಿತು. ಮಾಲೀಕನಿಗೆ ಬರುವ ಬಾಡಿಗೆ ಎಷ್ಟೋ ವರ್ಷ ಹಿಂದಿನ ರೇಟಿನದ್ದು. ಅವನು ರಿಪೇರಿಯ ಮಾತೇ ಎತ್ತಲಿಲ್ಲ. ಹನ್ನೊಂದು ದಿನ ಅಮ್ಮ ಬೇರೆ ಗಲ್ಲಿಯಿಂದ ನೀರು ಹೊತ್ತರು. ಪಕ್ಕದ ಮನೆಯ ಮಗುವಿಗೆ ಕಾಮಾಲೆಯಾಯಿತು.

ಹನ್ನೆರಡನೇ ದಿನ ಅಪ್ಪ ನನ್ನನ್ನು ಕರೆದುಕೊಂಡು ಶಾಖೆಗೆ ಹೋದರು. ಶಾಖೆ ಅಂದರೆ ಶಿವಸೇನೆಯ ವಾರ್ಡು ಕಚೇರಿ. ಗೋಡೆಯಲ್ಲಿ ಶಿವಾಜಿ ಮಹಾರಾಜರ ಪಟ, ಬಾಗಿಲ ಮೇಲೆ ಹುಲಿಯ ಮುಖ. ಬೆಂಚಿನ ಮೇಲೆ ಜನ. ಒಬ್ಬಳ ಗಂಡ ಕುಡಿದು ಹೊಡೆಯುತ್ತಾನೆ, ಇನ್ನೊಬ್ಬನಿಗೆ ರೇಷನ್ ಕಾರ್ಡು ಬೇಕು, ಮತ್ತೊಬ್ಬಳ ಮಗುವಿಗೆ ಆಸ್ಪತ್ರೆಯಲ್ಲಿ ಮಂಚ ಬೇಕು. ಶಾಖಾಪ್ರಮುಖನಿಗೆ ಮೂವತ್ತು ವರ್ಷ ಇರಬಹುದು. ಅಪ್ಪ ಅವನ ಮುಂದೆ ಕೈಮುಗಿದು "ಸಾಹೇಬ್" ಅಂದರು. ನನಗೆ ಮೈಯೆಲ್ಲ ಉರಿಯಿತು. ಅವನು ಮಾತ್ರ "ಬಸಾ ಅಣ್ಣಾ" ಅಂತ ಕುರ್ಚಿ ತೋರಿಸಿದ. ಎಷ್ಟು ಮನೆ, ಪೈಪು ಎಲ್ಲಿ ಒಡೆದಿದೆ ಅಂತ ಕೇಳಿ ಬರೆದುಕೊಂಡ. ಎರಡು ಫೋನು ಮಾಡಿದ. ಮೂರನೇ ದಿನಕ್ಕೆ ಹೊಸ ಪೈಪು ಬಂತು, ಒಂದು ಪೈಸೆ ಕೇಳಲಿಲ್ಲ.

ಮುಂದಿನ ಪಾಲಿಕೆ ಚುನಾವಣೆಯಲ್ಲಿ ಅಪ್ಪ ಬಿಲ್ಲು ಬಾಣಕ್ಕೆ ಓಟು ಹಾಕಿ ಬಂದರು. ಅಮ್ಮ ಬಿಡಲಿಲ್ಲ. "ಪಂಚೆ ಬಿಡಿಸಿದವರಿಗೇ ಹಾಕಿದ್ದಾ ನೀವು?"

ಅಪ್ಪ ಚಪ್ಪಲಿ ಬಿಚ್ಚುತ್ತಾ ಅಂದರು, "ಪಂಚೆ ಬೇರೆ, ನೀರು ಬೇರೆ."

ಶಿವಸೇನೆ ಮುಂಬಯಿ ಪಾಲಿಕೆಯನ್ನು ಗೆದ್ದದ್ದು ಭಾಷೆಯ ಹೆಸರಿನಲ್ಲಿ ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. 1968ರಲ್ಲಿ 140ರಲ್ಲಿ 42 ಸೀಟು ತಂದದ್ದು ಭಾಷೆ. ಆದರೆ 1997ರಿಂದ 2022ರ ತನಕ ಇಪ್ಪತ್ತೈದು ವರ್ಷ ಮೇಯರ್ ಕುರ್ಚಿ ಉಳಿಸಿಕೊಟ್ಟದ್ದರಲ್ಲಿ ಸಂಜೆ ಎಂಟಕ್ಕೆ ಬಾಗಿಲು ತೆರೆದಿರುವ ಆ ಶಾಖೆಯ ಪಾಲು ದೊಡ್ಡದು ಅನ್ನುವುದು ನನ್ನ ನಂಬಿಕೆ. ತಮಾಷೆ ಅಂದರೆ ಮುಂಬಯಿ ಮೇಯರಿಗೆ ಹೆಚ್ಚಿನ ಅಧಿಕಾರವೇ ಇಲ್ಲ. ಆಡಳಿತ ನಡೆಸುವವರು ರಾಜ್ಯ ಸರಕಾರ ನೇಮಿಸಿದ ಕಮಿಷನರ್, ದೊಡ್ಡ ಖರ್ಚಿಗೆಲ್ಲ ಒಪ್ಪಿಗೆ ಕೊಡುವುದು ಸ್ಥಾಯಿ ಸಮಿತಿ. 2025-26ರ ಬಜೆಟ್ಟು 74 ಸಾವಿರ ಕೋಟಿ ರೂಪಾಯಿಗೂ ಮೇಲೆ. ಅಷ್ಟು ದುಡ್ಡಿನ ಪಾಲಿಕೆ ಬಡವನ ಕಣ್ಣಿಗೆ ಕಾಣಿಸುತ್ತಿದ್ದದ್ದು ಶಾಖೆಯ ಬೆಂಚಿನಲ್ಲಿ ಮಾತ್ರ.

ಆದರೆ ಒಂದು ವಿಷಯ ಇವತ್ತಿಗೂ ಚುಚ್ಚುತ್ತದೆ. ಆ ನೀರು ನಮ್ಮ ಹಕ್ಕು ತಾನೆ? ಅಪ್ಪ ಯಾಕೆ ಕೈಮುಗಿಯಬೇಕಿತ್ತು? ಒಂದೇ ಪಕ್ಷ ವರ್ಷಗಟ್ಟಲೆ ಊರು ಆಳಿದರೆ ಹಕ್ಕು ಯಾವಾಗ ಉಪಕಾರವಾಯಿತು ಅಂತ ನಮಗೇ ಗೊತ್ತಾಗುವುದಿಲ್ಲ. ಉಪಕಾರ ಮಾಡಿದವನನ್ನು ಲೆಕ್ಕ ಕೇಳುವುದು ಹೇಗೆ? ಅಪ್ಪ ಯಾವತ್ತೂ ಕೇಳಲಿಲ್ಲ.

ಹಾಗಂತ ಆ ಬೆಂಚು ಬೇಡ ಅನ್ನಲೂ ಬಾಯಿ ಬರುವುದಿಲ್ಲ. 2022ರ ಮಾರ್ಚಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಸುಮಾರು ನಾಲ್ಕು ವರ್ಷ ಮುಂಬಯಿಯಲ್ಲಿ ನಗರಸೇವಕರೇ ಇರಲಿಲ್ಲ, ಎಲ್ಲ ಆಡಳಿತಾಧಿಕಾರಿಯದ್ದೇ. ಅರ್ಜಿ ಹಾಕಬಹುದಿತ್ತು ಬಿಡಿ. ಆದರೆ ಹನ್ನೊಂದು ದಿನ ನೀರು ಹೊತ್ತ ಅಮ್ಮನ ಸೊಂಟ ಅರ್ಜಿಗೆ ಕಾಯುತ್ತಿತ್ತೇ?

ಫೋನು ಇಡುವ ಮೊದಲು ಅಪ್ಪನನ್ನು ಕೇಳಿಯೇಬಿಟ್ಟೆ. "ಅಲ್ಲಪ್ಪಾ, ಅವತ್ತು ಆ ಹುಡುಗನಿಗೆ ಕೈಮುಗಿದದ್ದಕ್ಕೆ ನಿಮಗೆ ಬೇಜಾರಾಗಿರಲಿಲ್ವಾ?"

"ಆಗದೆ ಏನು? ಅದಕ್ಕೇ ನಿನ್ನನ್ನು ಕರಕೊಂಡು ಹೋದದ್ದು. ಒಬ್ಬನೇ ಹೋಗಲಿಕ್ಕೆ ಆಗ್ತಿರಲಿಲ್ಲ."

ಇಷ್ಟು ವರ್ಷ ನಾನು ಬೇರೆಯೇ ಏನೋ ಅಂದುಕೊಂಡಿದ್ದೆ.