ಲಾರಿಯ ಹಿಂದೆ, ಸುರಂಗದ ಒಳಗೆ

ಹೈದರಾಬಾದಿನ ಕನ್ನಡಿಗರಿಗೆ ಮುಂಬಯಿ ದಾರಿ ಹೊಸದಲ್ಲ: ಜಹೀರಾಬಾದು, ಹುಮನಾಬಾದು, ಸೊಲ್ಲಾಪುರ, ಪುಣೆ, ಮುಂದೆ 2002ರಲ್ಲಿ ಪೂರ್ಣಗೊಂಡ ಎಕ್ಸ್‌ಪ್ರೆಸ್ ಹೆದ್ದಾರಿ. ಒಮ್ಮೆ ಮರಳುವಾಗ ಖಂಡಾಳ ಘಟ್ಟದ ಸುರಂಗದ ಬಾಯಲ್ಲಿ ನಮ್ಮ ಬಸ್ಸು ಎರಡು ಲಾರಿಗಳ ಹಿಂದೆ ಸಿಕ್ಕಿತು. ಸಹಪ್ರಯಾಣಿಕರು ಲಾರಿ ಚಾಲಕರ ವಂಶವನ್ನೆಲ್ಲ ಜಾಲಾಡಿದರು. ಬಿ.ಎಸ್ಸಿ. ಓದಿದ ಚಪಲ, ನಾವು ಲೆಕ್ಕಕ್ಕೆ ಕುಳಿತೆವು.

ನೂರಡಿಗೆ ಐದಡಿ ಏರು, 40 ಟನ್ ಭಾರ, ಗಾಲಿಗೆ ಮುಟ್ಟುವುದು 200 ಅಶ್ವಶಕ್ತಿ ಎನ್ನಿ. ಗಂಟೆಗೆ ಸುಮಾರು 25 ಕಿಲೋಮೀಟರಿಗಿಂತ ಹೆಚ್ಚು ಓಡದು. ಅದನ್ನು 30ರ ವೇಗದ ಇನ್ನೊಂದು ಲಾರಿ ಹಿಂದಿಕ್ಕಲು 50 ಮೀಟರು ಹೆಚ್ಚು ಸಾಗಬೇಕು. ಅದಕ್ಕೆ 36 ಸೆಕೆಂಡು, 300 ಮೀಟರು ದಾರಿ! ಅಷ್ಟು ಹೊತ್ತು ಮೂರು ಸಾಲಿನಲ್ಲಿ ಎರಡು ಬಂದ್. ಸುರಂಗದಲ್ಲಿ ಬದಿಗೆ ಸರಿಯಲು ಎಡೆಯಿಲ್ಲ. ಕತ್ತಲೆಗೆ ಕಣ್ಣು ಹೊಂದುವ ತನಕ ಒಬ್ಬ ತುಳಿದ ಬ್ರೇಕು ಹಿಂದಿನ ಹತ್ತು ಜನರ ಬ್ರೇಕಾಗುತ್ತದೆ.

ಲಾರಿಗಳು ಎಡಸಾಲು ಬಿಡದಿದ್ದರೆ ಅರ್ಧ ತೊಂದರೆ ತಪ್ಪೀತು, ನಿಜ. ಆದರೆ ಏರಿನಲ್ಲಿ ನಿಧಾನವೆಂದು ಚಾಲಕನನ್ನು ಬಯ್ಯುವುದು ಭೂಮಿಯ ಸೆಳೆತವನ್ನು ಬಯ್ದಂತೆ. ಬಂದರಿನಲ್ಲಿಳಿದು ಘಟ್ಟವೇರುವ ಆ ಭಾರದಲ್ಲಿ ನಾಳೆ ನಮ್ಮ ಸಾರಿಗೆ ಬೀಳುವ ಬೇಳೆಯೂ ಇದ್ದೀತು.