ಭೇರ್ಯದಲ್ಲಿ ಕೇಳಿದ ಕಂಸಾಳೆಯ ಪದ

ಮೊನ್ನೆ ಕೃಷ್ಣರಾಜನಗರದಿಂದ ಹೊಳೆನರಸೀಪುರದ ಕಡೆಗೆ ಹೊರಟಿದ್ದಾಗ ಭೇರ್ಯದಲ್ಲಿ ಬಸ್ಸಿಗಾಗಿ ಕಾಯುವ ಪ್ರಸಂಗ ಒದಗಿತು. ಕಾಫಿ ಹೋಟೆಲಿನಲ್ಲಿ ಕುಳಿತಿದ್ದ ಹುಡುಗನೊಬ್ಬನ ಮೊಬೈಲಿನಿಂದ ‘ಕೋಲುಮಂಡೆ’ ಕೇಳಿಬಂದಿತು.

ಮೈಸೂರು ಸೀಮೆಯವರಿಗೆ ಈ ಪದವು ಹೊಸದಲ್ಲ. ಮಲೆಯ ಮಾದಪ್ಪನ ದೇವರಗುಡ್ಡರು ಎಡಗೈಯ ಬಟ್ಟಲಿಗೆ ಬಲಗೈಯ ತಾಳವನ್ನು ಬೀಸಿ ಬಡಿಯುತ್ತ, ಕುಣಿಯುತ್ತ ಹಾಡುವ ಕಂಸಾಳೆಯ ಪದವದು. ಮಾದಪ್ಪನು ಸಂಕಮ್ಮನ ಬಾಗಿಲಿಗೆ ಭಿಕ್ಷೆಗೆ ಬರುವುದೇ ಅದರ ವಸ್ತು. ಗಂಡನ ಸಂಶಯಕ್ಕೆ ಗುರಿಯಾಗಿ ನೊಂದ ಆ ಸಾಧ್ವಿಯನ್ನು ಭಕ್ತರು ತಾಯಿಯೆಂದೇ ಭಾವಿಸುವರು.

1996ರಲ್ಲಿ ‘ಜನುಮದ ಜೋಡಿ’ ಚಿತ್ರಕ್ಕಾಗಿ ವಿ. ಮನೋಹರ್ ಅವರು ಇದನ್ನು ಚಿತ್ರಸಂಗೀತಕ್ಕೆ ತಂದರು. ಹಾಡಿದ ಎಲ್. ಎನ್. ಶಾಸ್ತ್ರಿಯವರಿಗೆ ರಾಜ್ಯಪ್ರಶಸ್ತಿಯೂ ದೊರೆಯಿತು. ಪಟ್ಟಣದ ವಾದ್ಯಗಳು ಕೂಡಿಕೊಂಡರೂ ಜನರು ಮೆಚ್ಚಿದರು. 2020ರಲ್ಲಿ ಚಂದನ್ ಶೆಟ್ಟಿಯವರು ಅದನ್ನೇ ನಗರದ ಯುವಕರಿಗೆ ಪ್ರಿಯವಾದ ರ‍್ಯಾಪ್ ಧಾಟಿಗೆ ಅಳವಡಿಸಿ, ದೃಶ್ಯಗಳೊಡನೆ ಪ್ರಕಟಿಸಿದರು. ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ನೊಂದು ಆಕ್ಷೇಪಿಸಲು, ಅವರು ಕ್ಷಮೆ ಕೋರಿ ಅದನ್ನು ಹಿಂದೆಗೆದರು.

ಪಕ್ಕದಲ್ಲಿದ್ದ ವೃದ್ಧರೊಬ್ಬರನ್ನು ಈ ವಿಷಯವಾಗಿ ಕೇಳಿದೆನು.

“ತಾಳ ಹೊಸದಾದ್ರೆ ಏನಾಯ್ತು ಸ್ವಾಮಿ? ಐಕ್ಳು ಕುಣೀಲಿ ಬುಡಿ. ಸಂಕಮ್ಮನ ಮರ್ವಾದೆ ಮಾತ್ರ ಹಂಗೇ ಇರ್ಬೇಕು,” ಎಂದರು.

ಆ ಮಾತು ನನಗೆ ಸರಿಯೆನಿಸಿತು. ಹಾಡನ್ನು ಎರವಲು ಪಡೆದವರು ಅದರ ಕಥೆಯನ್ನೂ ಅರಿತಿರಬೇಕಷ್ಟೆ.

ಹುಡುಗನು ಮೊಬೈಲನ್ನು ನಿಲ್ಲಿಸಿ, “ಸಂಕಮ್ಮ ಅಂದ್ರೆ ಯಾರು ತಾತ?” ಎಂದನು. ವೃದ್ಧರು ಕಾಫಿಯ ಲೋಟವನ್ನು ಕೆಳಗಿಟ್ಟು ಕಥೆಯನ್ನು ಆರಂಭಿಸಿದರು. ಅಷ್ಟರಲ್ಲಿ ನನ್ನ ಬಸ್ಸು ಬಂದಿತು.