ಮೂಕಿ ಮ್ಯಾಪು ಟಾಕಿಯಾಯಿತು!

ಕನ್ನಡ ಸಿನಿಮಾಕ್ಕೆ ಮಾತು ಬಂದದ್ದು 1934ರಲ್ಲಿ, ‘ಸತಿ ಸುಲೋಚನ’ದಿಂದ. ನನ್ನ ಮ್ಯಾಪಿಗೆ ಮಾತು ಬಂದದ್ದು ಕಳೆದ ಮಳೆಗಾಲದಲ್ಲಿ, ಬಣಕಲ್ ಬಳಿ!

ಪಿ.ಯು.ಸಿ. ಅರ್ಧಕ್ಕೇ ಬಿಟ್ಟ ಈ ಹವ್ಯಾಸಿ ಪತ್ರಕರ್ತನಿಗೆ ಕಾರೆಲ್ಲಿಂದ ಬಂತು ಅಂತೀರಾ? ಭಾವನದು ಸ್ವಾಮಿ! ಹಿಂದಿನ ಸೀಟಲ್ಲಿ ಅಮ್ಮ, ಧರ್ಮಸ್ಥಳದ ಹರಕೆ. ಹೊರಗೆ ಕತ್ತಲು, ಮಂಜು. ಮುಂದೆ ಕೊಟ್ಟಿಗೆಹಾರದಲ್ಲಿ ದಾರಿ ಕವಲೊಡೆಯುತ್ತೆ: ಒಂದು ಕಳಸದ ಕಡೆಗೆ, ಇನ್ನೊಂದು ಚಾರ್ಮಾಡಿ ಘಾಟಿಗೆ. ಫೋನಿನ ಪರದೆಯಲ್ಲಿ ಬಾಣ ಓಡುತ್ತಿದೆ, ದನಿಯಿಲ್ಲ. ಪ್ಲೇಬ್ಯಾಕ್ ಇಲ್ಲದೆ ತುಟಿ ಆಡಿಸೋ ನಾಯಕಿಯ ಹಾಗೆ! ಪರದೆ ನೋಡಿದರೆ ರಸ್ತೆ ತಪ್ಪುತ್ತೆ, ರಸ್ತೆ ನೋಡಿದರೆ ಊರೇ ತಪ್ಪುತ್ತೆ!

ಗಾಡಿ ಬದಿಗೆ ನಿಲ್ಲಿಸಿದೆ. ವಿಚಿತ್ರ ನೋಡಿ, ಅಕ್ಕನ ಕರೆ ಬಂದರೆ ಮಾತ್ರ ಕಾರಿನ ಸ್ಪೀಕರಿನಲ್ಲಿ ಗಣಗಣ! ಗುಟ್ಟು ಅಲ್ಲೇ ಇತ್ತು. ಬ್ಲೂಟೂತ್‌ಗೆ ಎರಡು ಹಾದಿ: ಕರೆಗೊಂದು, ಹಾಡಿಗೊಂದು. ಮ್ಯಾಪಿನ ದನಿ ಸಾಮಾನ್ಯವಾಗಿ ಹೋಗೋದು ಹಾಡಿನ ಹಾದಿಯಲ್ಲಿ. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಕಾರಿನ ಹೆಸರೊತ್ತಿ ‘ಮೀಡಿಯಾ ಆಡಿಯೋ’ ಆನ್ ಮಾಡಿದೆ. ಎಫ್.ಎಂ. ಹಾಡುತ್ತಿದ್ದ ಕಾರನ್ನು ಬ್ಲೂಟೂತ್‌ಗೆ ತಿರುಗಿಸಿದೆ. ಮ್ಯಾಪಿನ ಸೆಟ್ಟಿಂಗ್ಸ್‌ನಲ್ಲಿ ದನಿಯನ್ನು ಬ್ಲೂಟೂತ್‌ನಲ್ಲಿ ನುಡಿಸೋ ಗುಂಡಿಯನ್ನೂ ಒತ್ತಿದೆ. ಬಂತು ನೋಡಿ ದನಿ! “ಯಾರೋ ಅದು ಹೆಂಗಸು, ಗಾಡಿಯೊಳಗೆ?” ಅಂತ ಅಮ್ಮ ಬೆಚ್ಚಿಬಿದ್ದಳು.

ಕೆಲವು ಹಳೇ ಕಾರುಗಳಲ್ಲಿ ಕರೆಯ ಹಾದಿ ಮಾತ್ರ ಇರುತ್ತೆ. ಅಂಥ ಕಡೆ ಫೋನಿನ ಸ್ಪೀಕರನ್ನೇ ಜೋರು ಮಾಡಿಕೊಳ್ಳಿ. ಲಾರಿಯವರಿಗೆ ದಾರಿ ಹೇಳೋಕೆ ಪಕ್ಕದಲ್ಲಿ ಕ್ಲೀನರ್ ಇರ್ತಾನೆ. ನಮ್ಮಂಥವರಿಗೆ ಈ ದನಿಯೇ ಕ್ಲೀನರ್. ಕಣ್ಣು ರಸ್ತೆಗೇ ಮೀಸಲಾಗಿರಲಿ, ಓದುಗರೇ. ಮೂಕಿ ಪಿಕ್ಚರ್ ಟೆಂಟಿನಲ್ಲಿ ಚೆಂದ, ಸ್ಟೀರಿಂಗ್ ಮುಂದಲ್ಲ!